ಶಾಂತಪ್ಪನವರ ಟಕ್-ಟಕ್

ಲೈಟ್ ಇರಲಿ, ಆರಿಸಬ್ಯಾಡ್ರಿ. ಇದು ನಮ್ಮ ಚಾಳಿನಾಗೇ ಇದ್ದ ನಮ್ಮ ಅತ್ತಿ ಮಗ ಗುರುಪಾದಗ ಆಗಿದ್ದು. ಅವನಂಥ ನಾಚಿಕಿಗೇಡಿಗೆ ಆಗಬೇಕಾದದ್ದೇ.

ಅಂಧೇರಿ ಆಫೀಸಿನ್ಯಾಗ ಅವನ ಬಾಜೂ ವಿಜಯಪುರದ ಶಾಂತಪ್ಪ ಅಂತ ಒಬ್ರು ಕೂಡತಿದ್ರು. ಕಂಪ್ಯೂಟರಿನ್ಯಾಗ ಕಾಪಿ ಮಾಡಿದ್ರ ಬರೇ ಅಕ್ಷರ ಬರೂದಿಲ್ಲಂತ. ಬಣ್ಣ, ದಪ್ಪ ಅಕ್ಷರ ಎಲ್ಲಾ ಇನ್ನೊಂದು ರೂಪದಾಗ ಅದರ ಬೆನ್ನಿಗೆ ಅಡಗಿ ಬರತಾವಂತ. ಆ ಎರಡೂ ರೂಪ ಓದಿ ತೋರಿಸೋ ಪ್ರೋಗ್ರಾಮ್, ಸ್ಕ್ರಿಪ್ಟ್ ಅಂತಾರಲ್ಲ, ಅದನ್ನ ಅವರು ಎರಡು ವರ್ಷ ಕೂತು ಬರದಿದ್ರು. ಅವರಿಗೊಂದು ಚಟ. ಕಾಪಿ ಮಾಡೋ 'ಸಿ' ಯಾವಾಗ್ಲೂ ಎರಡು ಸಲ ಒತ್ತತಿದ್ರು. ಟಕ್-ಟಕ್. "ಒಂದು ನನಗ, ಒಂದು ಮಷೀನಿಗೆ" ಅಂತಿದ್ರು. ಒತ್ತಿ ಒತ್ತಿ ಅವರ ಕೀಬೋರ್ಡಿನ್ಯಾಗ 'ಸಿ' ಅಕ್ಷರ ಅಳಿಸೇ ಹೋಗಿತ್ತು.

ಶಾಂತಪ್ಪ ತೀರಿಕೊಂಡ್ರು. ತಿಂಗಳೂ ಆಗಿರಲಿಲ್ಲ, ಈ ಹಲ್ಕಟ್ ಆ ಸ್ಕ್ರಿಪ್ಟಿನ್ಯಾಗ ಅವರ ಹೆಸರು ತಗದು ತನ್ನ ಹೆಸರು ಹಾಕ್ಕೊಂಡ. ಮರುದಿನ ಸಾಹೇಬರಿಗೆ ತೋರಿಸಿ ನೌಕರಿ ಪರ್ಮನೆಂಟ್ ಮಾಡಿಸ್ಕೊಳ್ಳೋ ಹಂಚಿಕಿ.

ಅವತ್ತು ರಾತ್ರಿ ಸಾಂತಾಕ್ರೂಜ್ ಸ್ಟೇಶನ್ನಿಂದ ನಡಕೋತ ಬಂದ. ನಮ್ಮ ಚಾಳಿನ ಮುಂದ ಜಾಳಿ ಮುಚ್ಚಿದ ಬಾವಿ ಐತಲ್ಲ, ಅಲ್ಲಿ... ಬೆನ್ನಿನ ಬ್ಯಾಗಿನೊಳಗ... ಟಕ್-ಟಕ್.

ಲ್ಯಾಪ್‌ಟಾಪ್ ಬಂದ್ ಇತ್ತು.

ಓಡಿ ನನ್ನ ಖೋಲಿಗೆ ಬಂದ. ಧೈರ್ಯ ನೋಡ್ರಿ ಈ ಶೂರಂದು! ಲ್ಯಾಪ್‌ಟಾಪ್ ತಗೊಂಡು ಆರೇ ದಿನ ಆಗಿತ್ತು. ಅದನ್ನ ತಗದು, ತನ್ನ ಹೆಸರಿದ್ದ ಸಾಲು ಕಾಪಿ ಮಾಡಿ ಸ್ಕ್ರಿಪ್ಟ್ ಓಡಿಸಿದ. ಬರೇ ಅಕ್ಷರದ ರೂಪದಾಗ 'ಬರೆದವರು: ಗುರುಪಾದ'. ಅದರ ಕೆಳಗ, ಅಡಗಿದ್ದ ರೂಪದಾಗ, ಕೆಂಪಗ... 'ಬರೆದವರು: ಶಾಂತಪ್ಪ'.

"ಅಣ್ಣಾ... ನೀ ಏನರ ಒತ್ತಿದೇನು?" ಪಿಸುಗುಟ್ಟಿದ.

"ನಾ ಮುಟ್ಟೇ ಇಲ್ಲೋ. ಅವರ ಹೆಸರು ಅವರಿಗೆ ಕೊಟ್ಟುಬಿಡು."

"ಸತ್ತವರಿಗೆ ಹೆಸರು ಯಾಕ ಬೇಕು?"

ಅಂದ ನೋಡ್ರಿ, ಅವನ ಬಾಯಾಗ ಹುಳಾ ಬೀಳಲಿ! ಅವನ ಎರಡೂ ಕೈ ತೊಡಿ ಮ್ಯಾಲಿದ್ವು. ನನ್ನ ಕೈ ನನ್ನ ಹಂತ್ಯಾಕ. ಆದ್ರೂ... ಟಕ್-ಟಕ್.

ಮರುದಿನ ಸಾಹೇಬರ ಮುಂದ, ದೊಡ್ಡ ಪರದೆ ಮ್ಯಾಲೆ ಹತ್ತು ಸಲ ಕಾಪಿ ಮಾಡಿದ. ಹತ್ತೂ ಸಲ ಕೆಂಪಗ ಶಾಂತಪ್ಪ. ನೌಕರಿ ಹೋತು. ಈಗ ದಾದರದಾಗ ಬಟ್ಟಿ ಅಂಗಡಿ ಮುಂದ ನಿಂತು ಗಿರಾಕಿ ಕರೀತಾನ. ನನಗೇನೂ ಕನಿಕರ ಇಲ್ಲ.

ಸುಳ್ಳಂತೀರಿ? ಆ ಲ್ಯಾಪ್‌ಟಾಪ್ ಅವತ್ತೇ ನನ್ನ ಖೋಲ್ಯಾಗ ಬಿಸಾಕಿ ಹೋದ. ಇಲ್ಲೇ ಕಪಾಟಿನ್ಯಾಗ ಐತಿ, ಬೇಕಾದ್ರ ತಗದು ನೋಡ್ರಿ. ಏಳು ದಿನಕ್ಕಿಂತ ಹೆಚ್ಚಿಗಿ ಬಳಸಿದ್ದಲ್ಲ. ಎಲ್ಲಾ ಅಕ್ಷರ ಹೊಸಾವ ಅದಾವ. 'ಸಿ' ಒಂದು ಅಳಿಸಿ ಹೋಗೇತಿ.