ಬಿಳಿ ಕಣದ ಉಂಗುರ

…ಗುಂಡಿ ಹಚ್ಚಲಿಕ್ಕಂತ ಕೋಟು ತಗೊಂಡಿ, ಸರಿ. ಕಿಸೇದಾಗ ಕೈ ಹಾಕು ಅಂತ ಯಾರು ಹೇಳಿದ್ರು ನಿನಗ? ಗಂಡನ ಕಿಸೆ ಹುಡುಕೋದು… ಇಲ್ಲ, ಇಲ್ಲ, ಸಿಟ್ಟಿಲ್ಲ. ಮಲಕೊ ನೀರಜಾ, ಏಳಬ್ಯಾಡ. ಜ್ವರ ಈಗಷ್ಟ ಇಳದಾವ. ಆ ಪುಡಿಕಿ ಇತ್ಲಾಗ ಕೊಡು.

ಬಿಚ್ಚೇಬಿಟ್ಟಿಯಾ!

ಹೌದು, ಉಂಗುರ. ನಿನಗಂತನ ಮಾಡಿಸೀನಿ. ಯಾಕ ನಗತಿ? ಸಾವಕಾಶ, ವಸಡಿನಿಂದ ಮತ್ತ ರಕ್ತ ಬರತದ… ಗೊತ್ತದ, ಯಾಕ ನಗತಿ ಅಂತ. ಬಂಗಾರ ಹೇರಿಕೊಳ್ಳೋದು ಅನಾಗರಿಕತನ ಅಂತ ಜನ್ಮಾ ಪೂರ್ತಿ ಭಾಷಣ ಮಾಡಿದವ ನಾನು. ಮಗಳು ಇಂದೂನ ಮದುವ್ಯಾಗ ಒಂದು ಗುಂಜಿ ಬಂಗಾರ ಹಾಕಗೊಡಲಿಲ್ಲ. ಆಕಿ ಅಳಲಿಲ್ಲ, ಅಡಿಗಿಮನ್ಯಾಗ ಕೂತು ನೀ ಅತ್ತಿ. ಅಂಥಾವ ರವಿವಾರ ಪೇಠಕ್ಕ ಹೋಗಿ, ಅಕ್ಕಸಾಲಿ ಏಕನಾಥ ಸೋನಾರನ ಅಂಗಡಿ ಕಟ್ಟಿ ಮ್ಯಾಲೆ, ನಾಕು ಮಂದಿ ಹೆಂಗಸರ ನಡುವ… ಹ್ಞಾ, ನಗು. ನಗು ಒಂದಿಷ್ಟು.

ಆದರ ಇದು ಬರೇ ಆಭರಣ ಅಲ್ಲ, ಕೇಳು. ರಕ್ತದಾಗಿನ ಬಿಳಿ ಕಣ ಇದು. ಮೈಯಾಗ ರೋಗ ಹೊಕ್ಕರ ಬೆನ್ನಟ್ಟಿ ನುಂಗೋ ಕಾವಲುಗಾರ. ಪ್ರಯೋಗಶಾಲಾದಾಗ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರ ಹಿಂಗ ಕಾಣತದ. ಸುತ್ತಲಿನ ಬಂಗಾರ ಅದರ ಮೈ, ನಡುವಿನ ನೇರಳೆ ಹರಳು ಅದರ ತಿರುಳು. ನಿನ್ನ ಬೆರಳಾಗ ಒಬ್ಬ ಕಾವಲುಗಾರ ಇರಲಿ ಅಂತ…

ಯಾರ ರಕ್ತದ್ದು? ನಂದು. ಮತ್ತ ಯಾರದು? ನನ್ನ ಬೆರಳ ಚುಚ್ಚಿಕೊಂಡು, ನೋಡಿ, ಸೋನಾರಗ ಚಿತ್ರ ಬರದುಕೊಟ್ಟೀನಿ.

ಯಾಕ ಹಂಗ ತಿರುವಿ ತಿರುವಿ ನೋಡತಿ? ಕಿಡಕಿ ಬೆಳಕಿಗೆ ಯಾಕ ಹಿಡಿತಿ?

ದುಂಡಗದ. ಹೌದು… ದುಂಡಗದ.

ಅದಿನ್ನೂ ನೆನಪದ ಏನು ನಿನಗ? ಮದುವ್ಯಾದ ಹೊಸದಾಗಿ ನನ್ನ ರಕ್ತದ ಬಿಳಿ ಕಣ ಸೂಕ್ಷ್ಮದರ್ಶಕದಾಗ ತೋರಿಸಿದ್ದೆ. ಅದರ ತಿರುಳು ಮೂರು ನೇರಳಹಣ್ಣು ಒಂದ ದಾರದಾಗ ಪೋಣಿಸಿದಂಗ ಅದ ಅಂದಿದ್ದಿ. ಆ ದೀಪಾವಳಿಗೆ ಹೊಸ್ತಿಲ ಮುಂದ ಅದನ್ನ ರಂಗೋಲಿ ಹಾಕಿದಿ. ಬಾಜೂಮನಿ ಸಾವಂತ್ರವ್ವ ಇದ್ಯಾವ ದೇವರ ಪಾದ ಅಂತ ಕೈ ಮುಗದು ಹೋದಳು. ನಾ ಏನಂದೆ? ನಡುವಿನ ದಾರ ದಪ್ಪ ಆಗೇದ, ಅಳಿಸಿ ಮತ್ತ ಹಾಕು, ಅಂದೆ. ನೀ ಅಳಿಸಿ ಮತ್ತ ಹಾಕಿದಿ.

ಇದು… ಇದು ಆ ಸೋನಾರನ ತಪ್ಪು. ಮೂರು ಬರದುಕೊಟ್ಟಿದ್ದೆ, ಆ ಪುಣ್ಯಾತ್ಮ ಒಂದ ಹರಳು ಕೂಡಿಸಿಬಿಟ್ಟಾನ. ನಾಳೆ ಹೋಗಿ ಅವನ ಮುಂದ…

ಇಲ್ಲ. ಬಿಡು. ಏಕನಾಥ ಬರದುಕೊಟ್ಟಂಗನ ಮಾಡ್ಯಾನ. ಅವನ ಮ್ಯಾಲೆ ಹಾಕಬಾರದಿತ್ತು ನಾ. ಮೂರು ಬರೀಬೇಕಂತನ ಕೂತಿದ್ದೆ, ನೀರಜಾ. ಕಣ್ಣಿಗೆ ಕಾಣದ್ದನ್ನ ಬರೀಲಿಕ್ಕೆ ಈ ಕೈಗೆ ಬರೂದಿಲ್ಲ. ಎಷ್ಟು ಚೆಂದ ಇತ್ತು ಗೊತ್ತೇನು, ಆ ದರಿದ್ರ ಕಣ!

ಎಳೇ ಕಣ, ಅಷ್ಟ. ಬಲಿತ ಮ್ಯಾಲೆ ತಿರುಳು ಮೂರಾಗತದ. ಅಲ್ಲೀತನಕ ಮೈ ಕಾಯೋ ಕೆಲಸ ಅದಕ್ಕ ಬರೂದಿಲ್ಲ… ಎಲ್ಲಾರ ಎಲುಬಿನೊಳಗೂ ಇರತಾವ. ರಕ್ತದಾಗ? ರಕ್ತದಾಗ ಇಳೀಬಾರದು, ಇಳದ್ರ ಉಳಿಗಾಲ… ನಿನ್ನ ರಕ್ತದ ಮಾತು ಯಾಕ ಈಗ! ನಿನಗ ರಕ್ತ ಕಡಿಮಿ ಆಗೇದ ಅಂತ ಹೇಳೀನಲ್ಲ? ಕಬ್ಬಿಣದ ಔಷಧ ತಗೋ, ಅಂಜೂರ ತಿನ್ನು. ಮುಂಬಯಿಯ ಆ ಬಿಳೀ ಸಾಹೇಬ ಡಾಕ್ಟರೂ ಅದನ್ನ… ಅದನ್ನ ಅಂದ. ಇಂಗ್ಲಿಷಿನಾಗ ಅಂದ, ನಿನಗ ತಿಳೀಲಿಲ್ಲ.

ಜೇಜುರಿ ಗುಡ್ಡಕ್ಕ ಹೋಗೋಣೇನು? ಖಂಡೋಬಾ ದೇವರ ಹರಕಿ ಅಂತಿದ್ದಿಯಲ್ಲ. ಈ ರವಿವಾರನ ಹೋಗೋಣ. ಡೋಲಿ ಮಾಡಸ್ತೀನಿ, ಮೆಟ್ಟಲ ಹತ್ತೋದು ಬ್ಯಾಡ ನೀ. ನಾನೂ ಭಂಡಾರ ತೂರತೀನಿ, ಏಳುಕೋಟಿ ಅಂತ ಕೂಗತೀನಿ, ಈ ಕರೀ ಕೋಟಿನ ಮ್ಯಾಲೆನ ಅರಿಷಿಣ ಬೀಳಲಿ… ಯಾಕ? ಮಾರಿ ಯಾಕ ಹಂಗಾತು? ವರ್ಷಾ ವರ್ಷಾ ನೀನ ಕೇಳತಿದ್ದಿ! ಮೂಢನಂಬಿಕಿ ಅಂತ ನಾ ಬೈದಾಗ ಇಷ್ಟು ಅಂಜಲಿಲ್ಲ, ಹೂಂ ಅಂದ್ರ ಅಂಜತಿಯೇನು?

ಕೈ ತಾ ಇಲ್ಲೆ. ನಾನ ಹಾಕತೀನಿ.

ಸಡಲಾತು. ಜ್ವರದಾಗ ಬೆರಳು ಸೊರಗ್ಯಾವ, ಅದಕ್ಕ. ನಡುವಿನ ಬೆರಳಿಗೆ ನೋಡೋಣ… ಹೆಬ್ಬೆರಳಿಗೆ… ತಡಿ, ದಾರ ಸುತ್ತಿದ್ರ ನಿಲ್ಲತದ. ದೊಡ್ಡದು ಬೇಕಂತನ ಮಾಡಿಸೀನಿ, ತಿಳೀತೇನು? ನೀ ಮೈ ತುಂಬಿಕೊಂಡ ಮ್ಯಾಲೆ ಸರೀ ಆಗಲಿ ಅಂತ. ಬೇಕಂತನ.

ನನ್ನ ಕೈ ಯಾಕ ಹಿಡದಿ? ಬಿಡು. ನೀರಜಾ, ಬ್ಯಾಡ… ಬ್ಯಾಡ ಅಂದೆ! ಅದು ಹೆಂಗಸರ ಉಂಗುರ, ನನಗ ಹೆಂಗ…

ನನ್ನ ಬೆರಳಿಗೇ ಹಾಕಿಬಿಟ್ಟಿಯಾ! ಬೈ ಬೇಕಾದ್ರ. ನನ್ನ ಬೆರಳ ನೋಡಿಕೋತ ಕೂಡಬ್ಯಾಡ ಹಿಂಗ.

ಹೌದು. ಸರಿಯಾಗಿ ಕೂತದ. ಕಣ ನಿಂದು, ನೀರಜಾ. ಬೆರಳಿನ ಅಳತಿ… ಅಳತಿ ನಂದು.