ಮೇನ್ ಸ್ವಿಚ್ಚಿಗೆ ಹಾಕಿದ ಬೀಗ

ಹೇಳಿಕೆ ಕೊಡುವವರು: ಹೆಸರು ಠಾಣೆಯ ಪುಸ್ತಕದಲ್ಲಿ ಬರೆದುಕೊಂಡಿರುವಂತೆ, ಜನ ಕರೆಯುವುದು ಧೂಳಕ್ಕ ಎಂದು. ವಯಸ್ಸು: 46 ವರ್ಷ. ವೃತ್ತಿ: ಮನೆ ಮತ್ತು ಕಚೇರಿಗಳಿಗೆ ಹೋಗಿ ಕಂಪ್ಯೂಟರ್, ಟಿ.ವಿ., ಪ್ರಿಂಟರ್ ಮುಂತಾದವುಗಳ ಧೂಳು ತೆಗೆದು ಶುಚಿ ಮಾಡುವುದು. ವಾಸ: ಬಸ್ ಡಿಪೋ ಹಿಂದಿನ ಎರಡನೇ ಅಡ್ಡರಸ್ತೆ, ಲಾಂಡ್ರಿ ಅಂಗಡಿಯ ಮೇಲಿನ ಮನೆ.

ಈ ದಿನ ಮಧ್ಯಾಹ್ನ ಮೂರು ಗಂಟೆಗೆ ಠಾಣೆಗೆ ಬಂದು, ಯಾರೂ ಹೇಳಿಕೊಡದೆ, ಯಾರಿಗೂ ಹೆದರದೆ ಬರೆಸುತ್ತಿರುವ ಸಂಗತಿ ಹೀಗಿದೆ.

ನಾನು ಈ ಕೆಲಸವನ್ನು ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಹನ್ನೊಂದು ವರ್ಷಗಳ ಹಿಂದೆ, ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ಮನೆಯಲ್ಲಿ ಟಿ.ವಿ.ಯ ಹಿಂಭಾಗ ಬಿಚ್ಚಿ ಕೈ ಹಾಕಿದ್ದಾಗ, ಮನೆಯ ಯಜಮಾನರು ಸುದ್ದಿ ಶುರುವಾಗುವ ಹೊತ್ತಾಯಿತೆಂದು ಸ್ವಿಚ್ ಹಾಕಿದರು. ಮೇಸ್ತ್ರಿಯ ಬಲಗೈಯ ಎರಡು ಬೆರಳುಗಳು ಇಂದಿಗೂ ಮಡಚುವುದಿಲ್ಲ. ಅಂದಿನಿಂದ ನಾನು ಯಾರ ಮನೆಗೆ ಹೋದರೂ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಅದರ ಪೆಟ್ಟಿಗೆಗೆ ನನ್ನದೇ ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ಹಾಕಿಕೊಳ್ಳುತ್ತೇನೆ. ಎಷ್ಟೋ ಮನೆಯವರು ಇದನ್ನು ಕಂಡು ನಕ್ಕಿದ್ದಾರೆ. ನಗುವವರು ನಗಲಿ, ಬೆರಳು ನನ್ನವು ಎಂದುಕೊಂಡು ಬಂದಿದ್ದೇನೆ. ಬೀಗ ಹಾಕಿದ ವೇಳೆಯನ್ನೂ ತೆಗೆದ ವೇಳೆಯನ್ನೂ ಚಿಕ್ಕ ಪುಸ್ತಕದಲ್ಲಿ ಬರೆಯುವ ಅಭ್ಯಾಸವಿದೆ. ಆದ್ದರಿಂದ ಕೆಳಗಿನ ವೇಳೆಗಳು ಅಂದಾಜಿನವಲ್ಲ.

ಇಂದು ಬೆಳಿಗ್ಗೆ 10.05ಕ್ಕೆ, ಔಷಧಿ ಅಂಗಡಿಯ ಎದುರಿನ ಕಟ್ಟಡದ ಎರಡನೇ ಮಹಡಿಯ ಮನೆಗೆ ಹೋದೆ. ಮನೆಯ ಮಗಳು ಫೋನ್ ಮಾಡಿ ಕರೆಸಿದ್ದರು. ಅವರಿಗೆ ಸುಮಾರು ಮೂವತ್ತು ವರ್ಷ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪುಸ್ತಕಗಳಿಗೆ ಪುಟ ಕಟ್ಟುವ ಕೆಲಸ ಮಾಡುತ್ತಾರೆ. ಕಂಪ್ಯೂಟರ್ ಬಿಸಿಯಾಗಿ ತಾನಾಗಿಯೇ ನಿಲ್ಲುತ್ತಿದೆ, ಟಿ.ವಿ.ಯನ್ನೂ ಒಮ್ಮೆ ನೋಡಿಬಿಡಿ ಎಂದರು. ಕಂಪ್ಯೂಟರಿನ ಪಕ್ಕದ ತಗಡು ತೆಗೆದು ತೋರಿಸಿ, ಒಳಗೆ ಹಾಸಿಗೆ ಮಾಡುವಷ್ಟು ಹತ್ತಿ ಇದೆ ಎಂದೆ. ಅವರಿಗೆ ನಗು ಬಂತು.

10.20ಕ್ಕೆ, ನಾನು ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ಕರೆಂಟು ತೆಗೆಯುತ್ತೇನೆ, ಬೇರೆ ಯಾವುದಾದರೂ ಯಂತ್ರ ಓಡುತ್ತಿದೆಯೇ ಎಂದು ಕೇಳಿದ್ದಕ್ಕೆ, ಫ್ರಿಜ್ ಬಿಟ್ಟರೆ ಏನೂ ಇಲ್ಲ, ಅರ್ಧ ಗಂಟೆಗೆ ಅದಕ್ಕೇನೂ ಆಗುವುದಿಲ್ಲ ಎಂದರು. ಹಿಂದಿನ ಕೋಣೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ಅಪ್ಪನಿಗೆ ಆರೋಗ್ಯ ಸರಿಯಿಲ್ಲ, ಆ ಕಡೆ ಧೂಳು ಹೋಗದಂತೆ ನೋಡಿಕೊಳ್ಳಿ ಎಂದೂ ಹೇಳಿದರು. 10.25ಕ್ಕೆ ಒಂದು ಚಿಕ್ಕ ಸಿಲಿಂಡರನ್ನು ಚಕ್ರದ ಗಾಡಿಯ ಮೇಲಿಟ್ಟುಕೊಂಡು ಹೊರಗೆ ಹೋದರು. ಅಡುಗೆಯ ಗ್ಯಾಸು ಎಂದುಕೊಂಡೆ. ಸಿಲಿಂಡರಿನ ಬಣ್ಣ ನೋಡುವ ಬುದ್ಧಿ ನನಗೆ ಬರಲಿಲ್ಲ.

ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಗುರ್ ಎಂಬ ಸದ್ದು ಬರುತ್ತಿತ್ತು. ಫ್ರಿಜ್ ಹಳೆಯದಿರಬೇಕು ಎಂದುಕೊಂಡೆ. ಹತ್ತೊಂಬತ್ತು ವರ್ಷ ಯಂತ್ರಗಳ ಜೊತೆ ಬದುಕಿದವಳು ಹೀಗೆಂದುಕೊಂಡದ್ದಕ್ಕೆ ನನಗೇ ನಾಚಿಕೆಯಾಗುತ್ತದೆ.

10.31ಕ್ಕೆ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದೆ. ಕಂಪ್ಯೂಟರನ್ನು ಎತ್ತಿಕೊಂಡು ಮುಂದಿನ ಬಾಲ್ಕನಿಗೆ ಹೋಗಿ, ಧೂಳು ಒಳಗೆ ಬರದಿರಲೆಂದು ಬಾಗಿಲು ಎಳೆದುಕೊಂಡೆ. ಕಿವಿಗೆ ಮುಚ್ಚಳ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ಯಾಟರಿಯಲ್ಲಿ ಓಡುವ ಬ್ಲೋವರ್ ಹಾಕಿದೆ. ನಂತರ ಏನೂ ಕೇಳಿಸಲಿಲ್ಲ.

10.40ಕ್ಕೆ ಹಿಂದಿನಿಂದ ಯಾರೋ ಭುಜ ಹಿಡಿದರು. ತಿರುಗಿ ನೋಡಿದರೆ ಸುಮಾರು ಅರವತ್ತು ವರ್ಷದ ತಾಯಿಯೊಬ್ಬರು ನಿಂತಿದ್ದರು. ಅವರ ತುಟಿ ಆಡುತ್ತಿತ್ತು. ಕಿವಿಯ ಮುಚ್ಚಳ ಕಿತ್ತು ಹಾಕಿದೆ.

ಅವರು ಆಡಿದ ಮಾತು ಇಷ್ಟೇ: "ಬೀಗ ಯಾರದಮ್ಮ? ನಮ್ಮನೆಯವ್ರು ಮಿಷನ್ ಮೇಲೆ ಉಸಿರಾಡೋದು."

ನಾನು ದೊಡ್ಡದಾಗಿ ಕಿರುಚಿದೆ. ಕೆಳಗಿನ ಮನೆಯವರು ಠಾಣೆಗೆ ಫೋನ್ ಮಾಡಿದ್ದು ಈ ಕೂಗನ್ನು ಕೇಳಿಯೇ. ಆ ತಾಯಿ ಕಿರುಚಲಿಲ್ಲ. ಬಾಲ್ಕನಿಯಿಂದ ಮೇನ್ ಸ್ವಿಚ್ಚಿಗೆ ಹದಿನಾಲ್ಕು ಹೆಜ್ಜೆ. ಕೀಲಿಯ ದಾರವನ್ನು ಕೊರಳಿನಿಂದ ತೆಗೆಯುವಷ್ಟು ತಾಳ್ಮೆ ಇರಲಿಲ್ಲ, ಬಗ್ಗಿ ಹಾಗೆಯೇ ಬೀಗ ತೆಗೆದೆ. 10.41ಕ್ಕೆ ಕರೆಂಟು ಬಂತು. ಫ್ರಿಜ್ ಶುರುವಾಯಿತು. ಹಿಂದಿನ ಕೋಣೆಯಿಂದ ಸದ್ದು ಬರಲಿಲ್ಲ.

ಒಳಗೆ ಓಡಿದೆ. ಮಂಚದ ಪಕ್ಕ ಸೊಂಟದೆತ್ತರದ ಆಕ್ಸಿಜನ್ ಯಂತ್ರವಿತ್ತು. ಅದರ ಮೇಲೆ ಸಣ್ಣ ಹೂಗಳ ಬಟ್ಟೆಯಿಂದ ಹೊಲಿದ ಚೀಲ ಹಾಕಿದ್ದರು, ಧೂಳು ಕೂರದಿರಲೆಂದು. ಚೀಲ ಕಿತ್ತು ನೋಡಿದರೆ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ಏನೋ ಒಮ್ಮೆ ಮುಲುಗಿ ನಿಂತಿತು. ಗಾಳಿ ಎಳೆದುಕೊಳ್ಳುವ ದಾರಿ ಕಟ್ಟಿಕೊಂಡು, ಒಮ್ಮೆ ನಿಂತ ಯಂತ್ರ ಮತ್ತೆ ಏಳಲಾರದಾಗಿದೆ ಎಂದು ಕೈಯಿಟ್ಟ ಕೂಡಲೇ ಗೊತ್ತಾಯಿತು, ಪ್ಲಗ್ ಕಿತ್ತು ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚತೊಡಗಿದೆ. ತಾಯಿಯವರು ಹೊರಗಿನ ಸ್ಪಂಜನ್ನು ಪ್ರತಿ ಭಾನುವಾರ ತೊಳೆಯುತ್ತಿದ್ದರಂತೆ. ಒಳಗೆ ಇನ್ನೊಂದು ಫಿಲ್ಟರ್ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಯಜಮಾನರು ಮಂಚದ ಅಂಚಿನಲ್ಲಿ, ಎರಡು ಮೊಣಕಾಲ ಮೇಲೆ ಕೈಯೂರಿ ಕೂತಿದ್ದರು. ವಯಸ್ಸು ಅರವತ್ತಾರು ಎಂದು ನಂತರ ತಿಳಿಯಿತು. ಬೆರಳಿಗೆ ಸಿಕ್ಕಿಸಿದ್ದ, ಆಕ್ಸಿಜನ್ ಅಳೆಯುವ ಮೀಟರಿನಲ್ಲಿ 79 ಎಂದಿತ್ತು. ತೊಂಬತ್ತರ ಮೇಲಿರಬೇಕು ಎಂದು ತಾಯಿಯವರು ಹೇಳಿದರು. ನಾನು ಹೆದರುತ್ತಲೇ ಯಜಮಾನರ ಮುಖ ನೋಡಿದೆ. ಅಲ್ಲಿ ಗಾಬರಿ ಇರಲಿಲ್ಲ. ತುಟಿಯನ್ನು ಕಿರಿದು ಮಾಡಿ, ಕೆನ್ನೆ ಸ್ವಲ್ಪ ಉಬ್ಬಿಸಿ, ಉಸಿರನ್ನು ನೂಲಿನ ಎಳೆಯಂತೆ ಸಣ್ಣಗೆ, ಒಂದೇ ಸಮನೆ ಬಿಡುತ್ತಿದ್ದರು. ಎಷ್ಟು ಹೊತ್ತು ಎಂದರೆ ನಾನು ಎರಡು ಸ್ಕ್ರೂ ಬಿಚ್ಚುವವರೆಗೆ ಅದೇ ಒಂದು ಉಸಿರು. ಮತ್ತೆ ಮೂಗಿನಿಂದ ಸದ್ದಿಲ್ಲದೆ ಎಳೆದುಕೊಂಡು, ಮತ್ತೆ ಅದೇ ಎಳೆ. ಆರೋಗ್ಯವಾಗಿರುವ ನಾನು ನಾಯಿಯಂತೆ ಏದುಸಿರು ಬಿಡುತ್ತಿದ್ದೆ. ಉಸಿರೇ ಇಲ್ಲದ ಮನುಷ್ಯ ಅಷ್ಟು ಅಚ್ಚುಕಟ್ಟಾಗಿ ಉಸಿರಾಡುವುದನ್ನು ಕಂಡು ಮೈ ಜುಮ್ಮೆಂದಿತು. ಇಷ್ಟು ವರ್ಷ ಎಷ್ಟೋ ಯಂತ್ರಗಳ ಒಳಗನ್ನು ನೋಡಿ ಬೆರಗಾಗಿದ್ದೇನೆ. ಮನುಷ್ಯರನ್ನು ಕಂಡು ಹಾಗಾದದ್ದು ಇದೇ ಮೊದಲು.

ಅವಸರದಲ್ಲಿ ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಆಗ ಅವರು ಬಲಗೈಯನ್ನು ಅಂಗೈ ಕೆಳಗಾಗಿ ಮೆಲ್ಲಗೆ ಇಳಿಸಿ, ನಿಧಾನ ಎಂದು ಸನ್ನೆ ಮಾಡಿದರು. ನಂತರ ಅದೇ ಅಂಗೈಯನ್ನು ಮೇಲೆ ಮಾಡಿ ಚಾಚಿದರು. ಏನು ಕೇಳುತ್ತಿದ್ದಾರೆಂದು ಮೊದಲು ಅರ್ಥವಾಗಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ನಾನು ನೆಲಕ್ಕೆ ಬಿಡುತ್ತಿದ್ದೆ, ಒಂದು ಆಗಲೇ ಮಂಚದ ಕೆಳಗೆ ಉರುಳಿತ್ತು. ಉಳಿದ ಮೂರನ್ನು ಅವರ ಅಂಗೈಗೆ ಹಾಕಿದೆ. ಅವರು ಮುಷ್ಟಿ ಮುಚ್ಚಿಕೊಂಡರು.

ಹಿಂದಿನ ಮುಚ್ಚಳ ತೆಗೆದಾಗ, ಫಿಲ್ಟರ್ ಬೂದು ಬಣ್ಣದ ಕಂಬಳಿಯ ಚೂರಿನಂತಿತ್ತು. ಅದನ್ನು ಎಳೆದು ಹಾಕಿ, ಒಳಗಿನ ಫ್ಯಾನಿನ ರೆಕ್ಕೆಗಳನ್ನು ಬ್ರಷ್ಷಿನಿಂದ ಬಿಡಿಸಿ, ಬಾಯಿಂದ ಊದಲು ಹೋದೆ. ತಾಯಿಯವರು ನನ್ನ ಬ್ಲೋವರ್ ತಂದು ಕೈಗಿಟ್ಟರು. ಕೋಣೆಯೊಳಗೆ ಅದನ್ನು ಹಾಕಿದರೆ ಆ ಧೂಳೆಲ್ಲ ಯಜಮಾನರ ಎದೆಗೇ ಹೋಗುತ್ತದೆ ಎಂದು ಬೇಡವೆಂದೆ. ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ತೆಗೆದೆ. ಮೀಟರ್ 76ಕ್ಕೆ ಇಳಿಯಿತು. ಯಜಮಾನರ ತುಟಿ ನೀಲಿಯಾಗಿತ್ತು, ಉಸಿರಿನ ಎಳೆ ಮಾತ್ರ ತುಂಡಾಗಿರಲಿಲ್ಲ. 10.47ಕ್ಕೆ, ಫಿಲ್ಟರ್ ಇಲ್ಲದೆಯೇ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಯಂತ್ರ ಒಮ್ಮೆ ಕೆಮ್ಮಿದಂತಾಗಿ ಗುರ್ ಎಂದಿತು. ಹಸಿರು ದೀಪ ಬಂತು. ಒಟ್ಟು ಹದಿನಾರು ನಿಮಿಷ ಅವರಿಗೆ ಆಕ್ಸಿಜನ್ ಇರಲಿಲ್ಲ. ಆ ಹದಿನಾರರಲ್ಲಿ ಮೊದಲ ಹತ್ತು ಪೂರ್ತಿ ನನ್ನವು.

10.58ಕ್ಕೆ ಮೀಟರ್ 88 ತೋರಿಸಿತು. ಆಗ ತಾಯಿಯವರು ಸೆರಗು ಬಾಯಿಗೊತ್ತಿಕೊಂಡು ಅತ್ತರು. ಗಂಡಾಂತರ ಕಳೆಯಿತಲ್ಲ, ಈಗ ಅಳಬೇಡಿ ಎಂದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸುತ್ತೇನೆ, ಅವರೂ ಬರೆಸಲು ಒಪ್ಪಿದ್ದಾರೆ.

"ತಪ್ಪು ನಿಂದೊಂದೇ ಅಲ್ಲಮ್ಮ. ಕರೆಂಟು ಹೋದ್ರೆ ಕೂಗ್ಲಿ ಅಂತ ಅದಕ್ಕೊಂದು ಬ್ಯಾಟರಿ ಇತ್ತು. ಸುಮ್ಸುಮ್ನೆ ಕೂಗ್ತಿತ್ತು ಅಂತ ನಾನೇ ತೆಗ್ದಿಟ್ಟೆ. ಇವತ್ತು ಸದ್ದು ನಿಂತಾಗ ಕರೆಂಟು ಹೋಗಿದೆ, ಎರಡು ನಿಮಿಷಕ್ಕೆ ಬರತ್ತೆ ಅಂದ್ಕೊಂಡೆ. ಎರಡು ನಿಮಿಷ ಆದ್ಮೇಲೂ ಏಳ್ಲಿಲ್ಲ. ನಾಲ್ಕು ವರ್ಷದಿಂದ ಹಗಲೂ ರಾತ್ರಿ ಇದರ ಗುರುಗುರು ಬಿಟ್ರೆ ಬೇರೇನೂ ಕೇಳಿಲ್ಲ. ಇವತ್ತು ಇವರ ಉಸಿರು ಕೇಳಿಸ್ತು. ಮೂವತ್ತೈದು ವರ್ಷ ಅದನ್ನ ಕೇಳ್ಕೊಂಡೇ ನಿದ್ದೆ ಮಾಡಿದೋಳು ನಾನು. ಕೇಳ್ತಾ ಕೂತುಬಿಟ್ಟೆ. ಇವರೇ ಬಾಗಿಲ ಕಡೆ ಕೈ ತೋರಿಸಿ ಎಬ್ಬಿಸಿದ್ರು."

ಇದನ್ನು ಕೇಳಿ ನಾನು ಬಗ್ಗಿ, ಮಂಚದ ಕೆಳಗೆ ಉರುಳಿದ್ದ ಸ್ಕ್ರೂವನ್ನು ಹುಡುಕಿ ತೆಗೆದೆ.

ಯಜಮಾನರು ಗಾಜಿನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಗಾಜು ಊದುತ್ತಿದ್ದರು, ಪ್ರಯೋಗಶಾಲೆಗಳಿಗೆ ಬೇಕಾದ ಉದ್ದ ಕೊರಳಿನ ಗಾಜಿನ ಬುರುಡೆಗಳನ್ನು, ಅಂದರೆ ಫ್ಲಾಸ್ಕುಗಳನ್ನು ಮಾಡುತ್ತಿದ್ದರು ಎಂದು ತಾಯಿಯವರು ತಿಳಿಸಿದರು. ಉಸಿರು ಒಂದು ಕೂದಲೆಳೆ ಹೆಚ್ಚಾದರೂ ಬುರುಡೆ ಸೊಟ್ಟಗಾಗುತ್ತದಂತೆ. ಅಲ್ಲಿನ ಗಾಜಿನ ಪುಡಿ ಎದೆಗೆ ಇಳಿದೇ ಈ ಕಾಯಿಲೆ ಬಂದದ್ದಂತೆ. ಎದೆಯನ್ನು ಹಾಳು ಮಾಡಿದ ಕೆಲಸವೇ ಇಂದು ಜೀವ ಉಳಿಸಿತು ಎಂದು ನನಗನ್ನಿಸಿತು.

11.05ಕ್ಕೆ ಠಾಣೆಯಿಂದ ಇಬ್ಬರು ಸಿಬ್ಬಂದಿ ಬಂದರು. ಆಫ್ ಮಾಡಿದ್ದು ಯಾರು ಎಂದು ಕೇಳಿದಾಗ, ನಾನು ಎಂದೆ. 11.15ಕ್ಕೆ ಮಗಳು ತುಂಬಿದ ಸಿಲಿಂಡರ್ ತೆಗೆದುಕೊಂಡು ಬಂದರು. ಅದು ಯಂತ್ರ ಕೈಕೊಟ್ಟರೆ ಬೇಕಾಗುವ ಆಕ್ಸಿಜನ್ ಸಿಲಿಂಡರ್. ಬಾಗಿಲಲ್ಲಿ ಪೊಲೀಸರನ್ನು ಕಂಡು ಅವರಿಗೆ ಜೀವವೇ ಬಾಯಿಗೆ ಬಂತು. ವಿಷಯ ತಿಳಿದ ಮೇಲೆ ನನ್ನನ್ನು ತರಾಟೆಗೆ ತೆಗೆದುಕೊಂಡರು. ಬೀಗ ಹಾಕಿಕೊಂಡು ಹೋಗಲು ಇದೇನು ನಿಮ್ಮಪ್ಪನ ಗೋದಾಮೇ ಎಂದರು. ನಾನು ಕೇಳಿದೆನಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅವರೇ ನಡುವೆ ಮಾತು ನಿಲ್ಲಿಸಿದರು. ಯಂತ್ರ ಓಡುತ್ತಿದೆಯೇ ಎಂದು ನಾನು ಕೇಳಿದಾಗ ತನಗೆ ಇದು ನೆನಪೇ ಆಗಲಿಲ್ಲ, ಇದನ್ನು ಯಾರೂ ಯಂತ್ರ ಎಂದುಕೊಂಡೇ ಇಲ್ಲ ಎಂದು ಹೇಳಿ ಗೋಡೆಗೊರಗಿ ಕೂತರು. ಯಜಮಾನರು ಯಂತ್ರದ ಕಡೆ ಬೆರಳು ತೋರಿಸಿ, ಮೊದಲ ಸಲ ಬಾಯಿ ಬಿಟ್ಟು, "ಇವನು ಮನೆ ಅಳಿಯ. ತಿನ್ನೋದು ಕರೆಂಟು, ಹೊಡೆಯೋದು ಗೊರಕೆ. ಮುನಿಸ್ಕೊಂಡಿದ್ದ ಅಷ್ಟೆ" ಎಂದರು. ಇಷ್ಟನ್ನು ಹೇಳಲು ಅವರಿಗೆ ನಾಲ್ಕು ಉಸಿರು ಬೇಕಾಯಿತು.

11.30ಕ್ಕೆ ಪಕ್ಕದ ರಸ್ತೆಯ ಕ್ಲಿನಿಕ್ಕಿನ ಡಾಕ್ಟರು ಬಂದು ನೋಡಿದರು. ಮೀಟರ್ 92 ಇತ್ತು. ಅಪಾಯವಿಲ್ಲ, ಆದರೆ ಯಂತ್ರವನ್ನು ಫಿಲ್ಟರ್ ಇಲ್ಲದೆ ಓಡಿಸಬಾರದು, ರೋಗಿಯನ್ನು ಸಿಲಿಂಡರಿಗೆ ಹಾಕಿ ಈಗಲೇ ಇದನ್ನು ಶುಚಿ ಮಾಡಿಸಿ ಎಂದರು. ಔಷಧಿ ಅಂಗಡಿಯಲ್ಲಿ ಹೊಸ ಫಿಲ್ಟರ್ ಸಿಕ್ಕಿತು. ಮಾಡುವವರು ಯಾರು ಎಂಬ ಮಾತು ಬಂದಾಗ ಮಗಳು, ಇವರು ಇನ್ನು ಈ ಮನೆಯಲ್ಲಿ ಏನನ್ನೂ ಮುಟ್ಟುವುದು ಬೇಡ ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ನಾನು ನನ್ನ ಸಾಮಾನಿನ ಚೀಲ ಎತ್ತಿಕೊಂಡೆ.

ಆಗ ಯಜಮಾನರು ಮುಷ್ಟಿ ಬಿಚ್ಚಿ ತೋರಿಸಿದರು. "ಅವರೇ ಮಾಡ್ಲಿ. ಸ್ಕ್ರೂ ನನ್ ಹತ್ರ ಇದೆ" ಎಂದರು.

11.40ಕ್ಕೆ ಅವರನ್ನು ಸಿಲಿಂಡರಿಗೆ ಹಾಕಿ ಯಂತ್ರವನ್ನು ನಿಲ್ಲಿಸಲಾಯಿತು. ಮೇನ್ ಸ್ವಿಚ್ ಮುಟ್ಟದೆ, ಯಂತ್ರದ ಪ್ಲಗ್ ಮಾತ್ರ ಕಿತ್ತು, ಅದನ್ನು ಬಾಗಿಲ ಹೊರಗೆ ಎರಡು ಅಡಿ ದೂರಕ್ಕೆ ಎಳೆದುಕೊಂಡು ಬಟ್ಟೆ ಬ್ರಷ್ಷುಗಳಿಂದಲೇ ಕೆಲಸ ಶುರು ಮಾಡಿದೆ. ಮನೆ ನಿಶ್ಶಬ್ದವಾಯಿತು. ತಾಯಿಯವರು ಮಂಚದ ಮೇಲೆ ಗಂಡನ ಪಕ್ಕ ಕೂತು, ಅವರ ಎದೆಗೆ ಕಿವಿ ತಾಗಿಸಿ ಕಣ್ಣು ಮುಚ್ಚಿಕೊಂಡರು. ಯಜಮಾನರು ಅವರ ತಲೆಯ ಮೇಲೆ ಕೈಯಿಟ್ಟರು. ಡಾಕ್ಟರು ಹೊರಡಬೇಕಾಗಿತ್ತು, ಹೊರಡಲಿಲ್ಲ. ಮಗಳು ಹೊಸ್ತಿಲಲ್ಲಿ ನಿಂತಿದ್ದರು. ಠಾಣೆಯ ಸಿಬ್ಬಂದಿಯೊಬ್ಬರು ವಾಕಿಟಾಕಿಯ ಸದ್ದನ್ನು ತಾವಾಗಿಯೇ ಕಡಿಮೆ ಮಾಡಿದರು. ಅಷ್ಟು ಜನ ಸೇರಿ ಒಬ್ಬ ಮನುಷ್ಯನ ಉಸಿರನ್ನು ಕೇಳಿದೆವು. ನನಗೆ ಕಣ್ಣು ತುಂಬಿ ಬಂತು.

12.02ಕ್ಕೆ ಪ್ಲಗ್ ಹಾಕಿ ಯಂತ್ರವನ್ನು ಮತ್ತೆ ಶುರು ಮಾಡಿದೆ. ಈ ಕೆಲಸಕ್ಕೆ ಇಪ್ಪತ್ತೆರಡು ನಿಮಿಷ ಹಿಡಿಯಿತು ಎಂದು ಸಿಬ್ಬಂದಿ ಬರೆದುಕೊಂಡಿದ್ದಾರೆ. ಅದು ಸರಿಯಲ್ಲ, ತಿದ್ದಬೇಕು. ಹೊಸ ಫಿಲ್ಟರ್ ಕೂರಿಸಿ ಕೊನೆಯ ಸ್ಕ್ರೂ ಬಿಗಿಸಿದಾಗ ವೇಳೆ 11.55. ಆಮೇಲಿನ ಏಳು ನಿಮಿಷ ನಾನು, ಆಗಲೇ ಶುಚಿಯಾಗಿದ್ದ ಯಂತ್ರವನ್ನು ಬಟ್ಟೆಯಿಂದ ಸುಮ್ಮನೆ ಒರೆಸುತ್ತಿದ್ದೆ.

ಮನೆಯವರು ದೂರು ಬೇಡವೆಂದಿದ್ದಾರೆ. ಆದರೂ ಹತ್ತು ನಿಮಿಷದ ತಪ್ಪು ನನ್ನದು, ಅದಕ್ಕೇನು ಕ್ರಮವೋ ಅದಕ್ಕೆ ಒಪ್ಪಿದ್ದೇನೆ. ಏಳು ನಿಮಿಷವನ್ನು ಬೇಕೆಂದೇ ಮಾಡಿದ್ದೇನೆ. ಬರೆದದ್ದನ್ನು ಓದಿಸಿ ಕೇಳಿದೆ. ಕಂಡದ್ದು, ಕೇಳಿದ್ದು, ಕೈಯಾರೆ ಮಾಡಿದ್ದು ಇದೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಬುಧವಾರ, ಸಂಜೆ 4.20
ಸಹಿ: (ಹೇಳಿಕೆ ಕೊಟ್ಟವರು)