ಒಳ್ಳೆಯ ಎಳೆಯನ್ನೂ ಕೀಳುವ ಕೈ

“ಹಲೋ... ಯಾರು ಮಾತಾಡ್ತಿರೋದು?... ಹಾಂ? ಸ್ವಲ್ಪ ಜೋರಾಗಿ ಹೇಳಿ, ಇಸ್ತ್ರಿ ಮಾಡ್ತಿದೀನಿ, ಒದ್ದೆ ಬಟ್ಟೆ ಚುರ್ ಅಂತಿದೆ...”

ಕತ್ತು ಓರೆ ಮಾಡಿ ಫೋನನ್ನು ಭುಜಕ್ಕೆ ಒತ್ತಿಕೊಂಡೇ ತಂಗಿ ಕೋಟಿನ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಿದ್ದಳು. ಹರಿದ ಬಟ್ಟೆಗೆ ಎಳೆ ನೇಯ್ದು ರಫೂ ಹಾಕುವುದು ಆ ಮನೆಯ ಕಸುಬು. ಕಲಿಸಿದವಳು ಅಕ್ಕ. ಆ ಅಕ್ಕ ಈಗ ಕಿಟಕಿಯ ಪಕ್ಕ ಕುಳಿತು, ಮಡಿಲಲ್ಲಿದ್ದ ಹಳೆಯ ಹೊದಿಕೆಯಿಂದ ಒಂದೊಂದೇ ಎಳೆ ಕಿತ್ತು ನೆಲಕ್ಕೆ ಬಿಡುತ್ತಿದ್ದಳು.

“ಅಣ್ಣನಾ? ಇದ್ಯಾರ ನಂಬರು?... ಸೊಸೇದಾ? ಯಾಕೆ, ನಿನ್ನ ಫೋನಿಗೇನಾಯ್ತು?... ಓಹೋ. ನಾನು ಎತ್ತಲ್ಲ ಅಂತ. ಈ ವಯಸ್ಸಲ್ಲೂ ಕಿಲಾಡಿತನ ಬಿಡಲಿಲ್ಲ ನೋಡು ನೀನು...”

ಎತ್ತದಿರುವುದಕ್ಕೆ ಕಾರಣವಿತ್ತು. ಅಣ್ಣನ ಮಾತು ಎಲ್ಲಿಂದ ಹೊರಟರೂ ಕನ್ನಡಿಯ ಹಿಂದಿನ ಆ ಲಕೋಟೆಗೇ ಬಂದು ನಿಲ್ಲುತ್ತಿತ್ತು. ಬುದ್ಧಿ ತನ್ನ ಕೈಯಲ್ಲಿದ್ದಾಗಲೇ ಅಕ್ಕ ಡಾಕ್ಟರ ಮುಂದೆ ಹೇಳಿದ್ದಳು: ನಾನು ಸತ್ತ ಮೇಲೆ ನನ್ನ ಮಿದುಳನ್ನು ಈ ಮರೆವಿನ ಕಾಯಿಲೆ ಓದುವವರಿಗೆ ಕೊಡಿ. ಹೇಳಿ, ಬರೆಸಿ, ಸಹಿಯನ್ನೂ ಹಾಕಿದ್ದಳು. ಒಡಹುಟ್ಟಿದವರೊಬ್ಬರ ಸಹಿಯೂ ಬೇಕಿತ್ತು; ತಂಗಿ ಅದನ್ನು ಹಾಕಿ ಕಾಗದವನ್ನು ಲಕೋಟೆಗೆ ಸೇರಿಸಿದ್ದಳು, ಕಳಿಸುವುದಷ್ಟೇ ಉಳಿದಿತ್ತು. ನಾನು ಬರುವ ತನಕ ತಡಿ ಎಂದಿದ್ದ ಅಣ್ಣ. ತಂಗಿ ತಡೆದಳು. ಅಣ್ಣ ಬರಲಿಲ್ಲ.

“ಇಲ್ಲ, ಇನ್ನೂ ಕಳಿಸಿಲ್ಲ... ಹೂಂ, ಕನ್ನಡಿ ಹಿಂದೇನೇ ಇದೆ... ಬರ್ತೀನಿ, ಬರ್ತೀನಿ ಅಂದೆ, ಕಾದೆ. ಈಗ ಬರೋದೂ ಇಲ್ಲ, ಕಳಿಸೋದೂ ಬೇಡ ಅಂತೀಯ. ಅಲ್ವಾ?... ಅಲ್ವಾ ಅಣ್ಣ?...”

“ಏನು, ಮುಪ್ಪಾ?... ಬರೀ ಮುಪ್ಪಲ್ಲ. ಕತ್ತರಿ ಎಲ್ಲಿಟ್ಟೆ ಅಂತ ನಾನೂ ದಿನಾ ಹುಡುಕ್ತೀನಿ. ಅಕ್ಕ ಕತ್ತರೀನ ಕೈಯಲ್ಲೇ ಹಿಡ್ಕೊಂಡು, ಇದೇನೇ ಅಂತ ಕೇಳಿದ್ಲು...”

ಕಾಯಿಲೆ ಮೊದಲು ಗೊತ್ತಾದದ್ದು ರಫೂಗೆ ಬಂದಿದ್ದ ವಕೀಲರೊಬ್ಬರ ಕೋಟಿನಿಂದ. ತೋಳಿನಲ್ಲಿ ನುಸಿ ತಿಂದ ಒಂದು ಸಣ್ಣ ತೂತು. ಅಕ್ಕ ಸುತ್ತಲ ಸವೆದ ಎಳೆಗಳನ್ನು ಬಿಡಿಸಿ ತೆಗೆದಳು. ಒಳಮಡಿಕೆಯಿಂದ ಅದೇ ಬಣ್ಣದ ದಾರ ಕಿತ್ತು ನೇಯಬೇಕಿತ್ತು. ನೇಯಲಿಲ್ಲ. ಸವೆದದ್ದು ಮುಗಿದ ಮೇಲೂ ಕೈ ನಿಲ್ಲಲಿಲ್ಲ. ತಂಗಿ ಬಂದು ನೋಡುವಷ್ಟರಲ್ಲಿ ಅರ್ಧ ತೋಳು ಜಾಲರಿಯಾಗಿತ್ತು. ಅಕ್ಕನ ಮುಖದಲ್ಲಿ ಮಾತ್ರ ಕೆಲಸ ಚೆನ್ನಾಗಿ ಸಾಗಿದೆ ಎಂಬ ನೆಮ್ಮದಿ.

ಆಸ್ಪತ್ರೆಯಲ್ಲಿ ಡಾಕ್ಟರು ಮಿದುಳಿನ ಕಾವಲು ಕಣಗಳ ವಿಚಾರ ಹೇಳಿದಾಗ ತಂಗಿಯ ಕಣ್ಣಿಗೆ ಕಟ್ಟಿದ್ದು ಆ ತೋಳೇ.

“ತಾಳು, ಹೇಳೋದು ಕೇಳು... ತಲೆಯೊಳಗೆ ಕಾವಲು ಕಣಗಳು ಅಂತ ಇರ್ತಾವಂತೆ. ಕಸ ಕಂಡ್ರೆ ನುಂಗ್ತಾವೆ, ಸೋಂಕು ಬಂದ್ರೆ ಹೊಡೆದಾಡ್ತಾವೆ, ನರಗಳ ನಡುವಿನ ಬೇಡದ ಕೊಂಡಿ ಕಿತ್ತು ಹಾಕ್ತಾವೆ... ಹಾಂ, ಒಳ್ಳೇವೇ, ಅವಿಲ್ದೆ ನಡೆಯಲ್ಲ. ಆದ್ರೆ ಈ ಕಾಯಿಲೇಲಿ ಕಸ ಗಂಟು ಕಟ್ಟತ್ತೆ, ಅವು ಎಷ್ಟು ನುಂಗಿದ್ರೂ ಮುಗಿಯಲ್ಲ. ರೇಗಿ ಹೋಗ್ತಾವೆ. ಒಳಗೆಲ್ಲ ಉರಿಯೂತ. ಆಮೇಲೆ ಒಳ್ಳೇ ಕೊಂಡಿಗಳನ್ನೂ ಕಿತ್ತು ಹಾಕ್ತಾವೆ... ಹೂಂ, ಅಕ್ಕ ಕೋಟಿಗೆ ಮಾಡಿದ ಹಾಗೇನೇ...”

“ಅದೊಂದೇ ಕಾರಣಾನಾ ಅಂದ್ರೆ ಅಲ್ಲವಂತೆ, ಬೇರೇನೂ ಇವೆ... ಔಷಧಾನಾ? ಇದ್ದಿದ್ರೆ ಇವತ್ತು ನಾನ್ಯಾಕೆ ನಿನ್ನ ಜೊತೆ ಜಗಳ ಆಡ್ತಿದ್ದೆ? ಕಾಯೋ ಕೈ ಯಾವಾಗ ಕೆಡಿಸೋ ಕೈ ಆಗತ್ತೆ ಅಂತ ಅವರಿಗೂ ಪೂರ್ತಿ ತಿಳಿದಿಲ್ಲ. ಬದುಕಿರೋರ ತಲೆ ಬಿಚ್ಚಿ ನೋಡೋಕಾಗತ್ತಾ? ಅದಕ್ಕೇ ಕೇಳೋದು...”

ಆ ಕಡೆಯಿಂದ ಅಣ್ಣ ಬಹಳ ಹೊತ್ತು ಮಾತಾಡಿದ. ತಂಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಕೋಟನ್ನು ಮೊಳೆಗೆ ತೂಗುಹಾಕಿ, ಕನ್ನಡಿಯ ಹಿಂದಿನಿಂದ ಲಕೋಟೆ ತೆಗೆದಳು. ಅಂಟಿನ ಮೇಲೆ ನಂಬಿಕೆಯಿಲ್ಲದ ಮನೆ ಅದು. ಲಕೋಟೆಯ ಬಾಯಿಗೂ ದಾರದ ಹೊಲಿಗೆ ಬಿದ್ದಿತ್ತು. ಧೂಳನ್ನು ಸೆರಗಿನಿಂದ ಒರೆಸಿದಳು.

“ಸತ್ತಾಗ ಅವಳನ್ನ ಇಡಿಯಾಗಿ ಕಳಿಸಿಕೊಡೋಣ ಅಂತೀಯಾ?... ಅಣ್ಣ, ಈಗ ಇಡಿಯಾಗಿದಾಳಾ? ನಿನ್ನೆ ನನ್ನನ್ನ, ಯಾರಮ್ಮ ನೀನು, ಊಟ ಆಯ್ತಾ ಅಂದ್ಲು. ದಿನಾ ಒಂದೊಂದು ಎಳೆ ಹೋಗ್ತಿರೋದನ್ನ ನೋಡ್ತಿರೋಳು ನಾನು. ನೀನು ಫೋನಲ್ಲಿ ಕೇಳಿದೀಯ ಅಷ್ಟೆ... ಬಯ್ತಿಲ್ಲ. ನಮಗೂ ಇದು ಬರತ್ತೇನೋ ಅಂತ ನಿನಗೆ ಭಯ. ಬೀಗದ ಕೈ ಮರೆತಾಗೆಲ್ಲ ನನಗೂ ಎದೆ ಧಸಕ್ ಅನ್ನತ್ತೆ. ಭಯ ಇದ್ರೆ ಇರಲಿ. ಆದ್ರೆ ಅವಳ ಮಾತು ಅವಳದು. ಬಾಯಲ್ಲಿ ಮಾತಿದ್ದಾಗ ಆಡಿದ್ದು. ಈಗ ಬಾಯಿಲ್ಲ ಅಂತ ನೀನೂ ನಾನೂ ಅಳಿಸೋದಾ?...”

“ಹಾಂ? ನನಗಾದ್ರೆ ಒಪ್ತಿದ್ನಾ?... ಒಪ್ಪಿ ಆಯ್ತು. ನನ್ನ ಒಪ್ಪಿಗೆ ಕಾಗದಾನೂ ಇದರಲ್ಲೇ ಇದೆ. ಕೆಟ್ಟದ್ದರ ಪಕ್ಕ ಇಟ್ಟು ನೋಡೋಕೆ ಕೆಡದೇ ಇರೋ ಮಿದುಳೂ ಬೇಕಂತೆ... ನಿನ್ನದು ಅವರು ಕೇಳಿಲ್ಲ, ಬೇಜಾರು ಮಾಡ್ಕೋಬೇಡ...”

ಅಣ್ಣ ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಅಕ್ಕನನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ. ಚಪ್ಪಲಿ ತೊಡಿಸಿ, ಕೈ ಹಿಡಿದು, ಮೆಟ್ಟಿಲಿಳಿಸಿ, ತಂಗಿ ರಸ್ತೆಗೆ ಬಂದಳು. ಸೈಕಲ್ ಅಂಗಡಿ ದಾಟಿದರೆ ಅಂಚೆ ಡಬ್ಬ.

“ಎಲ್ಲಿಗಾ? ಮೂಲೆವರೆಗೆ... ಹೂಂ, ಅವಳೂ ಇದಾಳೆ... ಬಾ, ನಾಳೇನೇ ಬಾ, ಯಾರು ಬೇಡ ಅಂದ್ರು? ಅವಳನ್ನ ನೋಡೋಕೆ ಬಾ. ಇದನ್ನ ತಡೆಯೋಕೆ ಬರಬೇಡ...”

ತಂಗಿ ಲಕೋಟೆಯನ್ನು ಅಕ್ಕನ ಕೈಗಿಟ್ಟಳು. ಅಕ್ಕನ ಉಗುರು ತಾನಾಗಿ ಹೊಲಿಗೆಯ ತುದಿ ಹುಡುಕಿತು, ಸಿಕ್ಕಿದ್ದನ್ನು ಎತ್ತಿತು. ಅಕ್ಕ, ಬೇಡ, ಇದು ನಿನ್ನದೇ ಎಂದಳು ತಂಗಿ ಮೆಲ್ಲಗೆ. ಅಕ್ಕ ಕಾಗದದತ್ತ ನೋಡಿದಳು. ಏನು ಹೊಳೆಯಿತೋ, ಏನೂ ಹೊಳೆಯಲಿಲ್ಲವೋ, ರಫೂ ಮುಗಿಸಿದ ಮೇಲೆ ಮೊದಲೆಲ್ಲ ಮಾಡುತ್ತಿದ್ದ ಹಾಗೆ ಹೆಬ್ಬೆರಳಿನಿಂದ ಆ ತುದಿಯನ್ನು ಒತ್ತಿ, ತಿಕ್ಕಿ, ಮಲಗಿಸಿದಳು.

ತಂಗಿ ಆ ಕೈಗೆ ತನ್ನ ಕೈ ಸೇರಿಸಿ ಡಬ್ಬದ ಬಾಯಿಗೆ ಒಯ್ದಳು. ಇನ್ನೊಂದು ಕೈಯಿಂದ ಫೋನನ್ನೂ ಅಲ್ಲೇ ಹಿಡಿದಳು.

“ಅಣ್ಣ, ಇದೀಯಾ?... ಸುಮ್ನೆ ಕೇಳಿಸ್ಕೋ...”

ಲಕೋಟೆ ತಗಡಿನ ತಳಕ್ಕೆ ಬಿತ್ತು.

“ಕೇಳಿಸ್ತಾ?... ಹಲೋ?... ಬಿತ್ತು ಅಣ್ಣ, ಕೇಳಿಸ್ತಾ ನಿನ...”